ಗಲಾಟೆ ಆಗಿದ್ದು ಒಂದಕ್ಕೆ, ಬದಲಾಗಿದ್ದು ಇನ್ನೊಂದು: ಅಮೆರಿಕದ ವಯಸ್ಸಾದವರ ಇನ್ಶೂರೆನ್ಸ್ ಜಗಳ

ಅಕ್ಟೋಬರ್ 15 ಬಂತು ಅಂದ್ರೆ ಸಾಕು, ಇಲ್ಲಿ ನ್ಯೂಜೆರ್ಸಿಲಿ ನಮ್ಮನೆ ಮೇಲ್‌ಬಾಕ್ಸು ತುಂಬಿ ತುಳುಕೋಕೆ ಶುರು ಆಗುತ್ತೆ. ಡಿಸೆಂಬರ್ 7ರ ತನಕ, ಅಂದ್ರೆ ವಯಸ್ಸಾದವರು ಮೆಡಿಕೇರ್ ಪ್ಲಾನ್ ಬದಲಾಯಿಸೋ ಅವಕಾಶ ಇರೋ ತನಕ, ದಿನಾ ಬಣ್ಣ ಬಣ್ಣದ ಕಾಗದ, ನಗ್ತಾ ನಿಂತಿರೋ ಬಿಳಿಕೂದಲ ಗಂಡ ಹೆಂಡ್ತಿ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ "ಪ್ರೀಮಿಯಂ 0 ಡಾಲರ್". ಟಿವಿ ಹಾಕಿದ್ರೂ ಅದೇ, ಫೋನ್ ಎತ್ತಿದ್ರೂ ಅದೇ. ನಮ್ಮಮ್ಮ ಗ್ರೀನ್‌ಕಾರ್ಡ್ ಮೇಲೆ ಬಂದು ನಾಲ್ಕು ವರ್ಷ ದಾಟಿದೆ, ಅವರಿಗೆ ಮೆಡಿಕೇರ್ ಇನ್ನೂ ಸಿಕ್ಕೇ ಇಲ್ಲ, ಆದ್ರೂ ಅವರ ಹೆಸರು ಯಾವ ಲಿಸ್ಟಿಗೆ ಸೇರಿಕೊಂಡಿದ್ಯೋ ಗೊತ್ತಿಲ್ಲ, ದಿನಕ್ಕೆ ಮೂರು ಫೋನ್ ಬರುತ್ತೆ. "ಯಾರೋ ಇವರೆಲ್ಲ, ನನ್ನ ಆರೋಗ್ಯದ ಮೇಲೆ ಇಷ್ಟೊಂದು ಅಕ್ಕರೆ? ನಮ್ಮ ನೆಂಟ್ರೇ ಇಷ್ಟು ಫೋನ್ ಮಾಡಲ್ಲ" ಅಂತಾರೆ.

ಅಮ್ಮನ ಪ್ರಶ್ನೆ ತಮಾಷೆಯದ್ದೇ, ಆದ್ರೆ ಅಮೆರಿಕದ ವಯಸ್ಸಾದವರ ಆರೋಗ್ಯ ವಿಮೆ ಬಗ್ಗೆ 60 ವರ್ಷದಿಂದ ನಡೀತಿರೋ ಜಗಳನ ಅರ್ಥ ಮಾಡ್ಕೊಳೋಕೆ ಅಲ್ಲಿಂದ್ಲೇ ಶುರು ಮಾಡ್ಬೇಕು. ಯಾಕಂದ್ರೆ ನಂಗೆ ಅನ್ಸೋದು ಏನಂದ್ರೆ, ಈ ದೇಶದಲ್ಲಿ ಮೆಡಿಕೇರ್ ವಿಷಯಕ್ಕೆ ಬೀದಿಗಿಳಿದು ಕೂಗಾಡಿದ್ದೆಲ್ಲ ಬಹುಪಾಲು ಆಗದೇ ಇದ್ದ ವಿಷಯಗಳಿಗೆ, ನಿಜವಾಗ್ಲೂ ಆದ ದೊಡ್ಡ ಬದಲಾವಣೆ ಮಾತ್ರ ಆ ಬಣ್ಣದ ಕಾಗದಗಳ ಮೂಲಕ, ಒಬ್ಬೊಬ್ಬರ ಅಡುಗೆಮನೆ ಟೇಬಲ್ ಮೇಲೆ, ಸದ್ದಿಲ್ದೆ ನಡೆದುಹೋಯ್ತು.

ಮೊದ್ಲು ಗೊತ್ತಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಮೆಡಿಕೇರ್ ಅಂದ್ರೆ 65 ದಾಟಿದವರಿಗೆ ಮತ್ತೆ ಕೆಲವು ಅಂಗವಿಕಲರಿಗೆ ಕೇಂದ್ರ ಸರ್ಕಾರ ನಡೆಸೋ ಇನ್ಶೂರೆನ್ಸು, ಸುಮಾರು 6.8 ಕೋಟಿ ಜನ ಇದ್ದಾರೆ, ವರ್ಷದ ಖರ್ಚು ಲಕ್ಷ ಕೋಟಿ ಡಾಲರ್ ದಾಟಿದೆ. ಪಾರ್ಟ್ ಎ ಆಸ್ಪತ್ರೆಗೆ, ಪಾರ್ಟ್ ಬಿ ಡಾಕ್ಟರಿಗೆ, ಪಾರ್ಟ್ ಡಿ ಔಷಧಿಗೆ. ಪಾರ್ಟ್ ಸಿ ಅನ್ನೋದೇ ಮೆಡಿಕೇರ್ ಅಡ್ವಾಂಟೇಜ್, ಅಂದ್ರೆ ಸರ್ಕಾರದ ದುಡ್ಡು ತಗೊಂಡು ಪ್ರೈವೇಟ್ ಕಂಪನಿಯವ್ರು ನಡೆಸೋ ಪ್ಲಾನು. ಹತ್ತು ವರ್ಷ, ಅಂದ್ರೆ 40 ಕ್ವಾರ್ಟರ್ ಕೆಲಸ ಮಾಡಿ ತೆರಿಗೆ ಕಟ್ಟಿದ್ರೆ ಪಾರ್ಟ್ ಎ ಫ್ರೀ, ಪಾರ್ಟ್ ಬಿಗೆ ತಿಂಗಳು ತಿಂಗಳು ಕಟ್ಬೇಕು. 1966ರಲ್ಲಿ ಅದು 3 ಡಾಲರ್ ಇತ್ತು, 2025ರಲ್ಲಿ 185, 2026ಕ್ಕೆ 202.90. ಇನ್ನು ಬಡವರಿಗೆ ಅಂತ ಇರೋ ಮೆಡಿಕೇಡ್ ಬೇರೆ, ಹೆಸರು ಒಂದೇ ಥರ ಇರೋದ್ರಿಂದ ಇಲ್ಲೇ ಹುಟ್ಟಿ ಬೆಳೆದೋರೂ ಕನ್ಫ್ಯೂಸ್ ಆಗ್ತಾರೆ.

ಇದು ಶುರುವಾಗಿದ್ದೇ ಜಗಳದಿಂದ. 1961ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್, ಅಂದ್ರೆ ಡಾಕ್ಟರ್‌ಗಳ ಸಂಘ, ಒಂದು ಗ್ರಾಮಫೋನ್ ರೆಕಾರ್ಡ್ ಮಾಡಿಸ್ತು. ಡಾಕ್ಟರ್‌ಗಳ ಹೆಂಡ್ತೀರು ಅಕ್ಕಪಕ್ಕದೋರನ್ನ ಕಾಫಿಗೆ ಕರೆದು ಅದನ್ನ ಹಾಕಿ ಕೇಳಿಸ್ಬೇಕು, ಬಂದೋರೆಲ್ಲ ಅಲ್ಲೇ ಕೂತು ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತಿನ, ಸದಸ್ಯರಿಗೆ ವಿರೋಧದ ಪತ್ರ ಬರೀಬೇಕು, ಇದು ಪ್ಲಾನು. ರೆಕಾರ್ಡಲ್ಲಿ ಮಾತಾಡಿದ್ದು ಆಗಿನ್ನೂ ಸಿನಿಮಾ ನಟ ಆಗಿದ್ದ ರೊನಾಲ್ಡ್ ರೇಗನ್. ವಯಸ್ಸಾದವರಿಗೆ ಸರ್ಕಾರಿ ವಿಮೆ ಅಂದ್ರೆ ಸಮಾಜವಾದದ ಮೊದಲ ಮೆಟ್ಟಿಲು, ಇವತ್ತು ಇದು ನಾಳೆ ಇನ್ನೊಂದು ಅನ್ನೋ ಧಾಟಿ. ಅದೆಲ್ಲ ಆದ್ಮೇಲೂ 1965ರ ಜುಲೈ 30ಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೂರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, 81 ವರ್ಷದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಪಕ್ಕದಲ್ಲಿ ಕೂತು ಮೆಡಿಕೇರ್ ಕಾನೂನಿಗೆ ಸಹಿ ಹಾಕಿದ್ರು, ಮೊದಲ ಕಾರ್ಡು ಟ್ರೂಮನ್‌ಗೇ ಕೊಟ್ರು. ಮುಂದಿನ ವರ್ಷ 1.9 ಕೋಟಿ ಜನ ಸೇರಿದ್ರು. ಇನ್ನೊಂದು ವಿಷಯ ಹೆಚ್ಚು ಜನಕ್ಕೆ ಗೊತ್ತಿರಲ್ಲ, ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ವಾರ್ಡು ಬಿಳಿಯರಿಗೆ ಬೇರೆ ವಾರ್ಡು ಅಂತ ಇಟ್ಕೊಂಡಿದ್ದ ಆಸ್ಪತ್ರೆಗಳು ಭೇದ ಬಿಟ್ರೆ ಮಾತ್ರ ಮೆಡಿಕೇರ್ ದುಡ್ಡು ಅಂದಾಗ ಕೆಲವೇ ತಿಂಗಳಲ್ಲಿ ಬಹಳಷ್ಟು ಆಸ್ಪತ್ರೆ ಬದಲಾದ್ವು. ನೀತಿ ಪಾಠ ಮಾಡಿದ್ರೆ ಆಗದ್ದು ದುಡ್ಡು ತೋರಿಸಿದ್ರೆ ಆಯ್ತು.

ಸರಿ, ಈಗ 1989ಕ್ಕೆ ಬರೋಣ, ಯಾಕಂದ್ರೆ ಆಮೇಲಿನ ರಾಜಕಾರಣಿಗಳೆಲ್ಲ ಈ ವಿಷಯಕ್ಕೆ ಯಾಕೆ ಇಷ್ಟು ಹೆದರ್ತಾರೆ ಅನ್ನೋದಕ್ಕೆ ಉತ್ತರ ಅಲ್ಲಿದೆ.

ಹಿಂದಿನ ವರ್ಷ ಒಂದು ಹೊಸ ಕಾನೂನು ಬಂದಿತ್ತು, ಸಹಿ ಹಾಕಿದ್ದು ಯಾರು ಅಂದ್ರೆ ಅದೇ ರೇಗನ್, ಅಷ್ಟೊತ್ತಿಗೆ ಅಧ್ಯಕ್ಷ ಆಗಿದ್ರಲ್ಲ. ಕಾನೂನು ಕೆಟ್ಟದ್ದೇನಲ್ಲ, ದೊಡ್ಡ ಕಾಯಿಲೆ ಬಂದು ಆಸ್ಪತ್ರೆಲಿ ತಿಂಗಳುಗಟ್ಲೆ ಮಲಗಿದ್ರೂ ಮನೆ ಮಾರೋ ಪರಿಸ್ಥಿತಿ ಬರಬಾರದು ಅಂತ ಖರ್ಚಿಗೆ ಮಿತಿ ಹಾಕ್ತು, ಔಷಧಿಗೂ ಸ್ವಲ್ಪ ಕೊಡ್ತೀವಿ ಅಂತು. ಎಎಆರ್‌ಪಿ, ಅಂದ್ರೆ ವಯಸ್ಸಾದವರ ಅತೀ ದೊಡ್ಡ ಸಂಘಟನೆ, ಅದೂ ಒಪ್ಪಿತ್ತು. ಸಿಕ್ಕಾಕ್ಕೊಂಡಿದ್ದು ದುಡ್ಡಿನ ವಿಷಯದಲ್ಲಿ. ಇದರ ಖರ್ಚನ್ನ ದುಡಿಯೋ ಹುಡುಗರ ಮೇಲೆ ಹಾಕಲ್ಲ, ವಯಸ್ಸಾದವರೇ ಕೊಡ್ಲಿ, ಅದ್ರಲ್ಲೂ ಅನುಕೂಲಸ್ಥರು ಜಾಸ್ತಿ ಕೊಡ್ಲಿ ಅಂತ ವರ್ಷಕ್ಕೆ 800 ಡಾಲರ್ ತನಕ ಹೆಚ್ಚುವರಿ ತೆರಿಗೆ ಹಾಕಿದ್ರು. ಆ ಅನುಕೂಲಸ್ಥರಲ್ಲಿ ಬಹಳ ಜನಕ್ಕೆ ಹಳೇ ಕಂಪನಿಯಿಂದ್ಲೋ ತಾವೇ ಕೊಂಡ್ಕೊಂಡೋ ಅದೇ ಸೌಲಭ್ಯ ಆಗ್ಲೇ ಇತ್ತು, ಇರೋದಕ್ಕೇ ಮತ್ತೆ ಯಾಕೆ ಕೊಡ್ಬೇಕು? ಎಲ್ಲರೂ ಭಯಪಡ್ತಿದ್ದ, ವರ್ಷಗಟ್ಲೆ ನರ್ಸಿಂಗ್ ಹೋಮಲ್ಲಿ ಇರೋ ಖರ್ಚನ್ನ ಈ ಕಾನೂನೂ ಕೊಡ್ತಿರಲಿಲ್ಲ. ಮೇಲಾಗಿ ತೆರಿಗೆ ಮೊದ್ಲು ಶುರು, ಸೌಲಭ್ಯಗಳು ಒಂದೊಂದಾಗಿ ಆಮೇಲೆ.

1989ರ ಆಗಸ್ಟ್ 17, ಚಿಕಾಗೋ. ತೆರಿಗೆ ಕಾನೂನು ಬರೆಯೋ ಕಮಿಟಿಯ ಅಧ್ಯಕ್ಷ ಡ್ಯಾನ್ ರಾಸ್ಟೆಂಕೌಸ್ಕಿ ತಮ್ಮ ಕ್ಷೇತ್ರದ ವಯಸ್ಸಾದವರ ಜೊತೆ ಮೀಟಿಂಗ್ ಮುಗಿಸಿ ಹೊರಗೆ ಬಂದ್ರೆ ಸುತ್ತ ಅಜ್ಜ ಅಜ್ಜಿಯರು ಬೋರ್ಡ್ ಹಿಡ್ಕೊಂಡು ಕಾರು ಮುತ್ತಿಗೆ ಹಾಕಿದ್ರು. ಒಬ್ಬ ಅಜ್ಜಿ ಬಾನೆಟ್ ಮೇಲೇ ಬಿದ್ರು. ವಾಷಿಂಗ್ಟನ್‌ನ ಘಟಾನುಘಟಿ ಅನ್ಸಿಕೊಂಡಿದ್ದ ಮನುಷ್ಯ ಕೊನೆಗೆ ಕಾರಿಂದ ಇಳಿದು ಪೆಟ್ರೋಲ್ ಬಂಕ್ ಹಾದು ಓಡಿಹೋಗ್ಬೇಕಾಯ್ತು, ಎಲ್ಲ ಟಿವಿ ಕ್ಯಾಮೆರಾದಲ್ಲಿ. ವರ್ಷ ಮುಗಿಯೋದ್ರೊಳಗೆ ಅದೇ ಕಾಂಗ್ರೆಸ್ ತಾನೇ ಮಾಡಿದ್ದ ಕಾನೂನನ್ನ ವಾಪಸ್ ತಗೊಳ್ತು. ಸೌಲಭ್ಯ ಹೆಚ್ಚಿಸೋಕೆ ಹೋದ್ರೂ ಏಟು ಬೀಳುತ್ತೆ ಅಂತ ಗೊತ್ತಾದ್ಮೇಲೆ ಯಾರು ತಾನೇ ಕೈ ಹಾಕ್ತಾರೆ? ಅಲ್ಲಿಂದಾಚೆಗೆ ಪ್ರತಿ ಸುಧಾರಣೆಯ ಮೊದಲ ಸಾಲೇ "ಈಗ ಇರೋರಿಗೆ ಏನೂ ಬದಲಾಗಲ್ಲ". ರಿಪಬ್ಲಿಕನ್ ನಾಯಕ ಪಾಲ್ ರಯನ್ 2011ರಲ್ಲಿ ಮೆಡಿಕೇರ್ ಬದಲು ಪ್ರೈವೇಟ್ ಇನ್ಶೂರೆನ್ಸ್ ಕೊಂಡ್ಕೊಳೋಕೆ ಇಷ್ಟು ಅಂತ ದುಡ್ಡು ಕೊಡೋಣ ಅಂದಾಗ್ಲೂ, 55 ದಾಟಿದವರಿಗೆ ಅನ್ವಯ ಇಲ್ಲ ಅಂತ ಮೊದ್ಲೇ ಹೇಳಿದ್ರು. ಆದ್ರೂ ಬಿಡಲಿಲ್ಲ, ಅವರ ಥರ ಕಾಣೋ ಒಬ್ಬ ವ್ಯಕ್ತಿ ವೀಲ್‌ಚೇರಲ್ಲಿ ಅಜ್ಜೀನ ತಳ್ಕೊಂಡು ಹೋಗಿ ಬೆಟ್ಟದಿಂದ ಕೆಳಕ್ಕೆ ಹಾಕೋ ಜಾಹೀರಾತು ಬಂತು.

2009ರ ಆಗಸ್ಟ್ ಇನ್ನೊಂದು. ಒಬಾಮ ಆರೋಗ್ಯ ಸುಧಾರಣೆಯ ಬಿಲ್ ತಂದಾಗ ರಜೆಗೆ ಊರಿಗೆ ಬಂದ ಸದಸ್ಯರ ಟೌನ್‌ಹಾಲ್ ಸಭೆಗಳಲ್ಲಿ ಕೂಗಾಟ ಶುರು ಆಯ್ತು. ಸೌತ್ ಕ್ಯಾರೊಲೈನಾದಲ್ಲಿ ಒಬ್ಬರು ಎದ್ದು ನಿಂತು ರಿಪಬ್ಲಿಕನ್ ಸದಸ್ಯ ಬಾಬ್ ಇಂಗ್ಲಿಸ್‌ಗೆ, ನಿಮ್ಮ ಸರ್ಕಾರದ ಕೈ ನನ್ನ ಮೆಡಿಕೇರ್ ಮೇಲೆ ಬೀಳಬಾರದು ಅಂದ್ರು. ಸ್ವಾಮೀ, ನಿಮ್ಮ ಮೆಡಿಕೇರ್ ನಡೆಸ್ತಿರೋದೇ ಸರ್ಕಾರ ಅಂತ ಇಂಗ್ಲಿಸ್ ವಿವರಿಸೋಕೆ ಹೋದ್ರೆ ಅವರು ಒಪ್ಪಲೇ ಇಲ್ಲ. ಈ ಕತೆ ಹೇಳ್ಕೊಂಡು ಆಗ ದೇಶವೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ. ಈಗ ಯೋಚನೆ ಮಾಡಿದ್ರೆ ಆ ಮನುಷ್ಯ ದಡ್ಡ ಅಲ್ಲ ಅನ್ಸುತ್ತೆ. 40 ವರ್ಷ ಸಂಬಳದಿಂದ ಪ್ರತಿ ತಿಂಗಳು ದುಡ್ಡು ಕಟ್ ಆಗ್ತಾ ಬಂದಿದೆ, ಅವನ ಲೆಕ್ಕದಲ್ಲಿ ಅದು ಸರ್ಕಾರದ್ದಲ್ಲ, ಅವನದ್ದು, ಪಿಎಫ್ ಇದ್ದ ಹಾಗೆ. ಲೆಕ್ಕ ನಿಜವಾಗ್ಲೂ ಹಾಗಿಲ್ಲ, ಇವತ್ತು ದುಡಿಯೋರ 2.9 ಪರ್ಸೆಂಟ್ ತೆರಿಗೆ ಇವತ್ತಿನ ವಯಸ್ಸಾದವರ ಆಸ್ಪತ್ರೆ ಬಿಲ್ಲಿಗೇ ಹೋಗುತ್ತೆ, ಸಾಮಾನ್ಯವಾಗಿ ಕಟ್ಟಿದ್ದಕ್ಕಿಂತ ಪಡೆಯೋದೇ ಜಾಸ್ತಿ. ಆದ್ರೆ "ನಾನು ಕಟ್ಟಿದ್ದು" ಅನ್ನೋ ಭಾವನೆನ ಲೆಕ್ಕ ತೋರಿಸಿ ಅಳಿಸೋಕೆ ಆಗಲ್ಲ, 1965ರಲ್ಲಿ ಈ ಪ್ರೋಗ್ರಾಂನ ಮಾರಿದ್ದೇ ಆ ಭಾವನೆ ಮೇಲೆ.

ಅದೇ ತಿಂಗಳು, ಹಿಂದಿನ ವರ್ಷ ರಿಪಬ್ಲಿಕನ್ ಉಪಾಧ್ಯಕ್ಷ ಅಭ್ಯರ್ಥಿ ಆಗಿದ್ದ ಸಾರಾ ಪೇಲಿನ್ ಫೇಸ್‌ಬುಕ್ಕಲ್ಲಿ "ಡೆತ್ ಪ್ಯಾನೆಲ್" ಅಂತ ಬರೆದ್ರು, ಅಂದ್ರೆ ಯಾರು ಬದುಕ್ಬೇಕು ಯಾರು ಬೇಡ ಅಂತ ಸರ್ಕಾರಿ ಅಧಿಕಾರಿಗಳು ಕೂತು ತೀರ್ಮಾನ ಮಾಡ್ತಾರೆ ಅಂತ. ಬಿಲ್ಲಲ್ಲಿ ಇದ್ದಿದ್ದಾದ್ರೂ ಏನು? ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕಾ ಬೇಡ್ವಾ, ನಾನು ಮಾತಾಡೋ ಸ್ಥಿತಿಲಿ ಇಲ್ದೇ ಹೋದ್ರೆ ಯಾರು ತೀರ್ಮಾನ ಮಾಡ್ಬೇಕು, ಇಂಥದ್ದನ್ನ ಪೇಷಂಟು ಇಷ್ಟಪಟ್ಟು ಡಾಕ್ಟರ್ ಜೊತೆ ಕೂತು ಮಾತಾಡಿದ್ರೆ ಆ ಡಾಕ್ಟರ್ ಫೀಸನ್ನ ಮೆಡಿಕೇರ್ ಕೊಡುತ್ತೆ, ಇಷ್ಟೇ. ಅಯೋವಾದ ಸೆನೆಟರ್ ಚಕ್ ಗ್ರಾಸ್ಲಿ ಅಂಥ ಹಿರಿಯರೇ ಅಜ್ಜಿಯ ಪ್ಲಗ್ ಕೀಳೋ ಮಾತು ಆಡಿದ್ಮೇಲೆ ಕೇಳೋದೇನು, ಆ ಭಾಗನ ಕಿತ್ತು ಹಾಕಿದ್ರು. ಮುಂದೇನಾಯ್ತು ಗೊತ್ತಾ? ಜನವರಿ 2016ರಿಂದ ಬರೀ ಒಂದು ಇಲಾಖಾ ನಿಯಮದ ಮೂಲಕ ಅದೇ ಫೀಸು ಕೊಡೋಕೆ ಶುರು ಮಾಡಿದ್ರು. ಯಾವ ಅಜ್ಜಿಗೂ ಏನೂ ಆಗ್ಲಿಲ್ಲ, ಯಾರೂ ಬೀದಿಗೂ ಬರಲಿಲ್ಲ.

ಹಾಗಂತ 2009ರಲ್ಲಿ ಕೂಗಾಡಿದವರ ಭಯಕ್ಕೆಲ್ಲ ಬುಡವೇ ಇರಲಿಲ್ಲ ಅಂತಲೂ ಅಲ್ಲ. ಒಬಾಮ ಕಾನೂನಿಗೆ ದುಡ್ಡು ಬಂದಿದ್ದು ಸ್ವಲ್ಪ ಮಟ್ಟಿಗೆ ಮೆಡಿಕೇರ್ ಕಡೆಯಿಂದ್ಲೇ, ಆಸ್ಪತ್ರೆಗಳಿಗೆ ಮತ್ತೆ ಅಡ್ವಾಂಟೇಜ್ ಕಂಪನಿಗಳಿಗೆ ಕೊಡೋದನ್ನ ಕಮ್ಮಿ ಮಾಡಿ. ಪ್ರತಿಯಾಗಿ ವಯಸ್ಸಾದವರಿಗೆ ಫ್ರೀ ಚೆಕಪ್ ಸಿಕ್ತು, ಔಷಧಿ ಖರ್ಚು ಒಂದು ಹಂತ ದಾಟಿದ್ರೆ ಇನ್ಶೂರೆನ್ಸ್ ಕೈ ಬಿಡ್ತಿದ್ದ ಜಾಗ, ಡೋನಟ್ ಹೋಲ್ ಅಂತಾರೆ, ಅದು ನಿಧಾನಕ್ಕೆ ಮುಚ್ಚಿತು. ಆದ್ರೂ ಕೇಳೋರಿಗೆ ಹೇಗಿರುತ್ತೆ ಹೇಳಿ, 70 ವರ್ಷದೋರ ಬಾಬ್ತಿಂದ ತೆಗೆದು 30 ವರ್ಷದೋರಿಗೆ ಕೊಟ್ರು ಅಂತ ತಾನೇ ಕಿವಿಗೆ ಬೀಳೋದು. 2010ರ ಚುನಾವಣೆಯಲ್ಲಿ ಒಬಾಮ ಪಕ್ಷದವ್ರು, ಅಂದ್ರೆ ಡೆಮಾಕ್ರಾಟ್‌ಗಳು, ಕೆಳಮನೆಲಿ 63 ಸೀಟು ಕಳ್ಕೊಂಡ್ರು. 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಳಾದ ರಾಮ್ನಿ-ರಯನ್ ಜೋಡಿ, ಒಬಾಮ ಮೆಡಿಕೇರಿಂದ 71,600 ಕೋಟಿ ಡಾಲರ್ ಲೂಟಿ ಮಾಡಿದ್ರು ಅಂತ ಊರೂರು ಸುತ್ತಿ ಹೇಳಿದ್ರು, ತಮಾಷೆ ಅಂದ್ರೆ ರಯನ್ ಅವರ ಸ್ವಂತ ಬಜೆಟ್ಟಲ್ಲೂ ಆ ಉಳಿತಾಯ ಹಾಗೇ ಇತ್ತು. 1995ರಲ್ಲಿ ಇದರ ಉಲ್ಟಾ ಆಗಿತ್ತು. ರಿಪಬ್ಲಿಕನ್ ನಾಯಕ ಗಿಂಗ್ರಿಚ್ ಕಡೆಯವ್ರು 27,000 ಕೋಟಿ ಡಾಲರ್‌ನಷ್ಟು ಖರ್ಚಿನ ಬೆಳವಣಿಗೆ ನಿಧಾನ ಮಾಡ್ತೀವಿ ಅಂದ್ರು, ಕ್ಲಿಂಟನ್ ಅದನ್ನ ಕಡಿತ ಅಂದ್ರು, ಕ್ಲಿಂಟನ್ ಗೆದ್ರು. ನಮ್ಮವರು ಮಾಡಿದ್ರೆ ಉಳಿತಾಯ, ಅವರು ಮಾಡಿದ್ರೆ ಕಡಿತ.

65 ಆಗೋಕೆ ಮುಂಚಿನವರ ಪಾಡು ಇನ್ನೊಂದು ಥರ, 58ಕ್ಕೋ 60ಕ್ಕೋ ಲೇಆಫ್ ಆಗಿ ಕೂತವರು. ಒಬಾಮ ಕಾನೂನು ಬಂದ್ಮೇಲೆ ವಯಸ್ಸಾದವರಿಗೆ ಹುಡುಗರಿಗಿಂತ 3 ಪಟ್ಟಿಗಿಂತ ಜಾಸ್ತಿ ಪ್ರೀಮಿಯಂ ಹಾಕೋ ಹಾಗಿಲ್ಲ. 2017ರಲ್ಲಿ ರಿಪಬ್ಲಿಕನ್ನರು ಅದನ್ನ 5 ಪಟ್ಟು ಮಾಡೋಕೆ, ಪ್ರೀಮಿಯಂಗೆ ಸರ್ಕಾರ ಕೊಡೋ ಸಬ್ಸಿಡಿನೂ ಬದಲಾಯಿಸೋಕೆ ಹೊರಟ್ರು. ಕಾಂಗ್ರೆಸ್ಸಿನ ಬಜೆಟ್ ಆಫೀಸು ಲೆಕ್ಕ ಹಾಕಿ, ವರ್ಷಕ್ಕೆ 26,500 ಡಾಲರ್ ಆದಾಯದ 64 ವರ್ಷದೋರ ಪ್ರೀಮಿಯಂ 1,700ರಿಂದ 14,600 ಡಾಲರ್‌ಗೆ ಹೋಗುತ್ತೆ ಅಂತು. ಎಎಆರ್‌ಪಿ ಅದಕ್ಕೆ ವಯಸ್ಸಿನ ತೆರಿಗೆ ಅಂತ ಹೆಸರಿಟ್ಟಿತು. ಆ ಸಲದ ಪ್ರಯತ್ನ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ನಡುರಾತ್ರಿ ಹೆಬ್ಬೆರಳು ಕೆಳಗೆ ಮಾಡಿ ತಮ್ಮ ಪಕ್ಷದ ವಿರುದ್ಧವೇ ಓಟು ಹಾಕೋದ್ರೊಂದಿಗೆ ಮುಗೀತು. 2025ರಲ್ಲಿ ಮತ್ತೆ ಅದೇ ವಯಸ್ಸಿನವರು ಸಿಕ್ಕಾಕ್ಕೊಂಡ್ರು. ಕೋವಿಡ್ ಕಾಲದಲ್ಲಿ ಹೆಚ್ಚಿಸಿದ್ದ ಸಬ್ಸಿಡಿ ಮುಂದುವರಿಸ್ಬೇಕು ಅಂತ ಡೆಮಾಕ್ರಾಟ್‌ಗಳು, ಆಗಲ್ಲ ಅಂತ ರಿಪಬ್ಲಿಕನ್ನರು, ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ 43 ದಿನ ಸರ್ಕಾರವೇ ಬಾಗಿಲು ಹಾಕ್ತು. ಸಬ್ಸಿಡಿ ಡಿಸೆಂಬರ್ 31ಕ್ಕೆ ಮುಗೀತು. ಒಂಟಿಯಾಗಿರೋ 62 ವರ್ಷದೋರು 62,600 ಡಾಲರ್ ಮೇಲೆ ಒಂದೇ ಒಂದು ಡಾಲರ್ ದುಡಿದ್ರೂ ಈಗ ಪೂರ್ತಿ ಪ್ರೀಮಿಯಂ ತಾವೇ ಕಟ್ಬೇಕು.

ಇಷ್ಟು ಗಲಾಟೆ ಮಧ್ಯೆ ನಿಜವಾದ ಬದಲಾವಣೆ ಎಲ್ಲಾಯ್ತು ಅಂದ್ರೆ, ಅದೇ 0 ಡಾಲರ್ ಕಾಗದದಲ್ಲಿ, ಅಂದ್ರೆ ಮೆಡಿಕೇರ್ ಅಡ್ವಾಂಟೇಜಲ್ಲಿ.

1997ರಲ್ಲಿ ಪಾರ್ಟ್ ಸಿ ಅಂತ ಒಂದು ರೂಪ ಬಂತು, 2003ರಲ್ಲಿ ಮೆಡಿಕೇರ್ ಅಡ್ವಾಂಟೇಜ್ ಅಂತ ಹೆಸರು ಬದಲಾಗಿ ದುಡ್ಡೂ ಜಾಸ್ತಿ ಆಯ್ತು. ಆಗ ಸೇರಿದವರು ಕಮ್ಮಿ. 2023ರ ಹೊತ್ತಿಗೆ ಅರ್ಧ ಮುಟ್ಟಿತು, 2025ಕ್ಕೆ 3.4 ಕೋಟಿ ದಾಟಿ 54 ಪರ್ಸೆಂಟ್. ರಯನ್ ಸಾಹೇಬರು ಕಾನೂನು ತಂದು ಮಾಡೋಕೆ ಹೋಗಿ ಬೈಸ್ಕೊಂಡ ಕೆಲಸ ಹೆಚ್ಚುಕಮ್ಮಿ ಇದೇ ತಾನೇ, ಸರ್ಕಾರ ದುಡ್ಡು ಕೊಡೋದು, ಪ್ರೈವೇಟ್‌ನೋರು ನಡೆಸೋದು. ಅಜ್ಜೀನ ಬೆಟ್ಟದಿಂದ ತಳ್ಳೋ ಜಾಹೀರಾತು ಇದಕ್ಕೆ ಬರಲಿಲ್ಲ, ಹಳೇ ಫುಟ್‌ಬಾಲ್ ಸ್ಟಾರ್ ಜೋ ನೇಮತ್ ಟಿವಿಲಿ ಬಂದು ಈ ನಂಬರಿಗೆ ಫೋನ್ ಮಾಡಿ ಅಂದ್ರು, ಜನ ಮಾಡಿದ್ರು.

ಜನ ಮೋಸ ಹೋದ್ರು ಅಂತ ಒಂದೇ ಮಾತಲ್ಲಿ ಹೇಳೋದು ತಪ್ಪಾಗುತ್ತೆ. ಹಳೇ ಮೆಡಿಕೇರ್‌ಗೆ, ಅಂದ್ರೆ ಸರ್ಕಾರವೇ ನೇರವಾಗಿ ನಡೆಸೋ ಎ ಮತ್ತೆ ಬಿಗೆ, ದೊಡ್ಡ ತೂತುಗಳಿವೆ. ಡಾಕ್ಟರ್ ಬಿಲ್ಲಲ್ಲಿ 20 ಪರ್ಸೆಂಟ್ ನಿಮ್ಮದು, ಅದಕ್ಕೆ ಮೇಲ್ಮಿತಿನೇ ಇಲ್ಲ, ಕ್ಯಾನ್ಸರ್ ಬಂದ್ರೆ ಆ 20 ಪರ್ಸೆಂಟೇ ಮನುಷ್ಯನ್ನ ಮುಗಿಸುತ್ತೆ. ಹಲ್ಲು, ಕನ್ನಡಕ, ಕಿವಿ ಮಿಷನ್ನು ಇಲ್ಲ. ತೂತು ಮುಚ್ಚೋಕೆ ಮೆಡಿಗ್ಯಾಪ್ ಅಂತ ಇನ್ನೊಂದು ಪಾಲಿಸಿ ಬೇಕು, ಔಷಧಿಗೆ ಮತ್ತೊಂದು. ಅಡ್ವಾಂಟೇಜಲ್ಲಿ ಎಲ್ಲ ಒಂದೇ ಕಾರ್ಡು, ಬಹಳ ಕಡೆ ಬೇರೆ ಪ್ರೀಮಿಯಂ ಇಲ್ಲ, ವರ್ಷದ ಖರ್ಚಿಗೆ ಮಿತಿ ಇದೆ, ಹಲ್ಲಿಗೂ ಸ್ವಲ್ಪ, ಜಿಮ್ಮು ಬೇರೆ. ಬರೀ ಸೋಷಿಯಲ್ ಸೆಕ್ಯೂರಿಟಿ ಪಿಂಚಣಿಲಿ ಬದುಕೋರಿಗೆ ಬೇರೆ ದಾರಿ ಏನಿದೆ, ಮೂಗಿಗೆ ತುಪ್ಪ ಸವರ್ತಾರೆ ಅಂತ ಗೊತ್ತಿದ್ರೂ ಆ ವಾಸನೆಯಾದ್ರೂ ಸಿಗ್ಲಿ ಅನ್ಸೋದು ಸಹಜ.

ಆ ತುಪ್ಪ ಎಲ್ಲಿಂದ ಬಂತು ಅನ್ನೋದೇ ಜಗಳದ ಒಂದು ತುದಿ. ಸರ್ಕಾರ ಈ ಕಂಪನಿಗಳಿಗೆ ತಲೆಗೆ ಇಷ್ಟು ಅಂತ ಕೊಡುತ್ತೆ, ಕಾಯಿಲೆ ಜಾಸ್ತಿ ಇದ್ದೋರ ತಲೆಗೆ ಜಾಸ್ತಿ. ಹಾಗಾಗಿ ಪೇಷಂಟಿನ ಫೈಲಲ್ಲಿ ಕಾಯಿಲೆಗಳ ಪಟ್ಟಿ ಉದ್ದ ಆದಷ್ಟೂ ಕಂಪನಿಗೆ ಲಾಭ. ವರ್ಷಕ್ಕೊಂದ್ಸಲ ಮನೆಗೇ ನರ್ಸ್ ಕಳಿಸಿ ಬಿಪಿ ನೋಡಿ, ಕಾಲು ಮುಟ್ಟಿ ನೋಡಿ, ನಾಲ್ಕು ಪ್ರಶ್ನೆ ಕೇಳಿ ಹೋಗ್ತಾರಲ್ಲ, ಅದು ಬರೀ ಕಾಳಜಿಗಲ್ಲ. ಕಾಂಗ್ರೆಸ್ಸಿಗೆ ಸಲಹೆ ಕೊಡೋ ಮೆಡ್‌ಪ್ಯಾಕ್ ಅನ್ನೋ ಆಯೋಗ 2025ಕ್ಕೆ ಹಾಕಿದ ಅಂದಾಜಿನ ಪ್ರಕಾರ, ಇದೇ ಜನ ಹಳೇ ಮೆಡಿಕೇರಲ್ಲಿ ಇದ್ದಿದ್ರೆ ಆಗ್ತಿದ್ದ ಖರ್ಚಿಗಿಂತ ಸರ್ಕಾರ ಸುಮಾರು 8,400 ಕೋಟಿ ಡಾಲರ್ ಹೆಚ್ಚು ಕೊಡ್ತಿದೆ. ಕಂಪನಿಯವ್ರು ಈ ಲೆಕ್ಕನೇ ಒಪ್ಪಲ್ಲ, ನಮ್ಮಲ್ಲಿ ಚಿಕಿತ್ಸೆ ಒಗ್ಗಟ್ಟಾಗಿ ಸಿಗುತ್ತೆ, ಸೌಲಭ್ಯ ಜಾಸ್ತಿ ಅಂತಾರೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ ಈ ಹೆಚ್ಚಿನ ಖರ್ಚು ಪಾರ್ಟ್ ಬಿ ಪ್ರೀಮಿಯಮ್ಮಲ್ಲೂ ಸೇರ್ಕೊಳುತ್ತೆ, ಅಂದ್ರೆ ಅಡ್ವಾಂಟೇಜ್ ಬೇಡ ಅಂದವರೂ ಅದಕ್ಕೆ ದುಡ್ಡು ಕೊಡ್ತಿದ್ದಾರೆ.

ಇನ್ನೊಂದು ತುದಿ ಪ್ರಯರ್ ಆಥರೈಸೇಷನ್. ಡಾಕ್ಟರ್ ಎಂಆರ್‌ಐ ಬರೆದ್ರು, ಆಪರೇಷನ್ ಆದ್ಮೇಲೆ ಮೂರು ವಾರ ರಿಹ್ಯಾಬ್ ಬರೆದ್ರು, ಆದ್ರೆ ಕಂಪನಿ ಹ್ಞೂಂ ಅನ್ನೋ ತನಕ ಇಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತೀವಲ್ಲ, ಅದೇ. 2023ರಲ್ಲಿ ಅಡ್ವಾಂಟೇಜ್ ಕಂಪನಿಗಳ ಮುಂದೆ ಇಂಥ ಅರ್ಜಿ ಸುಮಾರು 5 ಕೋಟಿ ಬಂದ್ವು, 32 ಲಕ್ಷ ಪೂರ್ತಿಯಾಗೋ ಭಾಗಶಃನೋ ರಿಜೆಕ್ಟ್ ಆದ್ವು. ಮೇಲ್ಮನವಿ ಹಾಕಿದ್ದು ಅದರಲ್ಲಿ ನೂರಕ್ಕೆ 12 ಅಷ್ಟೇ, ಹಾಕಿದವ್ರಲ್ಲಿ 80 ಪರ್ಸೆಂಟ್‌ಗೂ ಜಾಸ್ತಿ ಗೆದ್ರು. ಈ ಎರಡು ನಂಬರ್ ಪಕ್ಕಪಕ್ಕ ಇಟ್ಟು ನೋಡಿ, ಕೇಳಿದ್ರೆ ಕೊಡ್ತಾರೆ, ಕೇಳೋರು ಇಲ್ಲ. 82 ವರ್ಷದ, ಸೊಂಟ ಮುರ್ಕೊಂಡು ಮಲಗಿರೋರು ಫಾರಂ ತುಂಬಿ ಫ್ಯಾಕ್ಸ್ ಮಾಡ್ತಾರಾ?

ಬೇಡಪ್ಪ ಇದು, ಹಳೇ ಮೆಡಿಕೇರ್‌ಗೇ ವಾಪಸ್ ಹೋಗ್ತೀನಿ ಅಂದ್ರೆ ಹೋಗ್ಬಹುದು, ವರ್ಷಾವರ್ಷ ಅವಕಾಶ ಇದೆ. ಆದ್ರೆ ಮೆಡಿಗ್ಯಾಪ್ ಇಲ್ದೇ ಹೋದ್ರೆ ಆ 20 ಪರ್ಸೆಂಟ್ ತೂತು ಕಾಯ್ತಾ ಇರುತ್ತೆ. ಮೆಡಿಗ್ಯಾಪ್ ಪಾಲಿಸಿನ ಯಾವ ಪ್ರಶ್ನೆನೂ ಕೇಳ್ದೆ ಕೊಡ್ಲೇಬೇಕಾದ್ದು 65 ಆಗಿ ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳು ಮಾತ್ರ. ಕೆಲವು ವಿಶೇಷ ಸಂದರ್ಭ ಬಿಟ್ರೆ ಆಮೇಲೆ ಶುಗರ್ ಇದ್ಯಾ, ಹಾರ್ಟ್ ಪ್ರಾಬ್ಲಂ ಇದ್ಯಾ ಅಂತ ನೋಡಿ ಆಗಲ್ಲ ಅನ್ನಬಹುದು, ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ಈ ನಾಲ್ಕು ರಾಜ್ಯ ಬಿಟ್ಟು. ಆರೋಗ್ಯ ಚೆನ್ನಾಗಿದ್ದಾಗ 0 ಡಾಲರ್ ನೋಡಿ ಒಳಗೆ ಹೋಗ್ತಾರೆ, ಆರೋಗ್ಯ ಕೆಟ್ಟು ಹೊರಗೆ ಬರ್ಬೇಕು ಅಂದಾಗ ಬಾಗಿಲು ಹಾಕಿರುತ್ತೆ. ಟಿವಿ ಜಾಹೀರಾತಲ್ಲಿ ಇದನ್ನ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಈ ಬದಲಾವಣೆಗೆ ಒಟ್ಟಾಗಿ ತಿರುಗಿಬಿದ್ದ ಒಂದು ಊರು ಇದೆ, ನ್ಯೂಯಾರ್ಕ್. ಅಲ್ಲಿ ನಗರದ ಕೆಲಸ ಮಾಡಿ ರಿಟೈರ್ ಆದ ಟೀಚರ್‌ಗಳು, ಫೈರ್‌ಮೆನ್, ಪೊಲೀಸ್, ಕ್ಲರ್ಕುಗಳು ಎಲ್ಲ ಸೇರಿ ಕುಟುಂಬ ಸಮೇತ ಸುಮಾರು ಎರಡೂವರೆ ಲಕ್ಷ ಜನ. ಅವರಿಗೆ ಹಳೇ ಮೆಡಿಕೇರ್ ಜೊತೆ ತೂತು ಮುಚ್ಚೋ ಪಾಲಿಸಿನೂ ನಗರವೇ ಕೊಡ್ತಿತ್ತು. 2021ರಲ್ಲಿ ನಗರ ಮತ್ತೆ ಅವರದ್ದೇ ಯೂನಿಯನ್ನುಗಳ ಒಕ್ಕೂಟ ಸೇರಿ ಇವರನ್ನೆಲ್ಲ ಒಂದು ಅಡ್ವಾಂಟೇಜ್ ಪ್ಲಾನಿಗೆ ಹಾಕೋಣ, ವರ್ಷಕ್ಕೆ 60 ಕೋಟಿ ಡಾಲರ್ ಉಳಿಯುತ್ತೆ ಅಂತ ತೀರ್ಮಾನ ಮಾಡಿದ್ರು. ಹಳೇದೇ ಬೇಕು ಅಂದ್ರೆ ತಿಂಗಳಿಗೆ 191 ಡಾಲರ್ ಕೈಯಿಂದ ಕೊಡಿ ಅಂದ್ರು. ಗಮನಿಸಿ, ಇಲ್ಲಿ ರಿಪಬ್ಲಿಕನ್ನರೇ ಇಲ್ಲ, ಮೇಯರ್ ಡೆಮಾಕ್ರಾಟು, ಯೂನಿಯನ್ನುಗಳೂ ಆ ಕಡೆಯವೇ, ಪಾರ್ಟಿ ನೋಡಿ ಜಗಳ ಅರ್ಥ ಮಾಡ್ಕೊಳೋಕೆ ಹೋದ್ರೆ ಏನೂ ಸಿಗಲ್ಲ. ಮೇರಿಯಾನ್ ಪಿಟ್ಜಿಟೋಲಾ ಅನ್ನೋ ರಿಟೈರ್ಡ್ ಆಂಬುಲೆನ್ಸ್ ಸಿಬ್ಬಂದಿ ಮುಂದೆ ನಿಂತು, ನಿವೃತ್ತರದ್ದೇ ಒಂದು ಸಂಘಟನೆ ಕಟ್ಟಿ, ಚಂದಾ ಎತ್ತಿ, ಕೋರ್ಟಿಗೆ ಹೋದ್ರು. ಮೊದಲ ಗುತ್ತಿಗೆ ಹಿಡಿದ ಕಂಪನಿಗಳು 2022ರಲ್ಲಿ ಹಿಂದೆ ಸರಿದ್ವು, 2023ರಲ್ಲಿ ಎಟ್ನಾ ಅನ್ನೋ ಇನ್ನೊಂದು ಇನ್ಶೂರೆನ್ಸ್ ಕಂಪನಿ ಬಂತು, ಮತ್ತೆ ಕೋರ್ಟು, ಮತ್ತೆ ತಡೆ. 2024ರ ಜೂನಲ್ಲಿ ಟೀಚರ್‌ಗಳ ಯೂನಿಯನ್ನಿನ ನಿವೃತ್ತರ ವಿಭಾಗದ ಚುನಾವಣೆಲಿ ನಾಯಕತ್ವದ ಕಡೆಯವ್ರೇ ಸೋತ್ರು, ಆದ ಕೂಡ್ಲೆ ಯೂನಿಯನ್ ಅಧ್ಯಕ್ಷ ಮೈಕಲ್ ಮಲ್ಗ್ರೂ ನಾವು ಈ ಪ್ಲಾನಿಗೆ ಬೆಂಬಲ ವಾಪಸ್ ತಗೊಂಡಿದೀವಿ ಅಂದ್ರು. 2025ರ ಜೂನಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು ನಗರದ ಪರವಾಗಿಯೇ ತೀರ್ಪು ಕೊಡ್ತು, ಆದ್ರೆ ಎರಡೇ ದಿನಕ್ಕೆ ಮೇಯರ್ ಎರಿಕ್ ಆಡಮ್ಸ್ ನಾವು ಮುಂದುವರಿಯಲ್ಲ ಅಂದ್ಬಿಟ್ರು. ಕೇಸ್ ಸೋತು ಗೆದ್ದವರು ಇವರು. ಅವರ ವಾದ ಬಹಳ ಸರಳ ಇತ್ತು, ಕಮ್ಮಿ ಸಂಬಳಕ್ಕೆ 30 ವರ್ಷ ದುಡಿದಿದ್ದೇ ಕೊನೆಗೆ ಇದೊಂದು ಸಿಗುತ್ತೆ ಅನ್ನೋ ನಂಬಿಕೆ ಮೇಲೆ. ಸೌತ್ ಕ್ಯಾರೊಲೈನಾದ ಆ ಮನುಷ್ಯ ಹೇಳಿದ್ದೂ ಇದನ್ನೇ ಅಲ್ವಾ.

ಔಷಧಿ ಬೆಲೆ ಕತೆ ಬೇಗ ಹೇಳಿ ಮುಗಿಸ್ತೀನಿ. 2003ರ ನವೆಂಬರಲ್ಲಿ ಪಾರ್ಟ್ ಡಿ ಬಿಲ್ಲಿಗೆ ಓಟು ಸಿಗದೆ ಬೆಳಗಿನ ಜಾವ ಹತ್ತಿರ ಹತ್ತಿರ ಮೂರು ಗಂಟೆ ಮತದಾನನ ಎಳೆದಿಟ್ಟು ಒಬ್ಬೊಬ್ಬರನ್ನೇ ಹಿಡಿದು ಓಟು ಹಾಕಿಸಿದ್ರು, ಅದರಲ್ಲೇ ಸರ್ಕಾರ ಔಷಧಿ ಕಂಪನಿಗಳ ಜೊತೆ ಚೌಕಾಸಿ ಮಾಡೋ ಹಾಗಿಲ್ಲ ಅಂತನೂ ಬರೆದ್ರು. ಬಿಲ್ ನಡೆಸಿಕೊಟ್ಟವರಲ್ಲಿ ಒಬ್ಬರಾದ ಬಿಲ್ಲಿ ಟಾಜಿನ್ 2005ಕ್ಕೆ ಔಷಧಿ ಕಂಪನಿಗಳ ಸಂಘದ ಮುಖ್ಯಸ್ಥರಾದ್ರು. ಹೆಚ್ಚು ಕಮ್ಮಿ 20 ವರ್ಷ ಆದ್ಮೇಲೆ, 2022ರಲ್ಲಿ, ಒಬ್ಬ ರಿಪಬ್ಲಿಕನ್ ಓಟೂ ಇಲ್ದೆ, ಸೆನೆಟ್ಟಲ್ಲಿ ಓಟು ಸಮ ಸಮ ಆದಾಗ ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಹಾಕಿದ ಓಟಿಂದ ಆ ನಿಷೇಧ ಸಡಿಲ ಆಯ್ತು. ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರೋ ಹಾಗಿಲ್ಲ, 2025ರಲ್ಲಿ ಪಾರ್ಟ್ ಡಿ ಔಷಧಿಗೆ ವರ್ಷಕ್ಕೆ 2,000 ಡಾಲರ್ ಮಿತಿ ಬಂತು, ಚೌಕಾಸಿ ಮಾಡಿದ ಮೊದಲ 10 ಔಷಧಿಗಳ ಬೆಲೆ ಜನವರಿ 2026ರಿಂದ ಜಾರಿ. ಶುಗರ್‌ಗೆ ಕೊಡೋ ಜಾನುವಿಯಾ 527 ಡಾಲರ್ ಇದ್ದಿದ್ದು 113 ಆಗಿದೆ. ಇದಕ್ಕೆ ಔಷಧಿ ಕಂಪನಿಗಳು ಕೋರ್ಟಿಗೆ ಹೋದ್ವು, ಆದ್ರೆ ಯಾವ ಅಜ್ಜಿನೂ ಯಾರ ಕಾರಿನ ಬಾನೆಟ್ ಮೇಲೂ ಬೀಳಲಿಲ್ಲ, ಇದನ್ನ ಪಡೆದುಕೊಂಡವರಲ್ಲೇ ಬಹಳ ಜನಕ್ಕೆ ಇದು ಯಾವ ಕಾನೂನಿಂದ ಬಂತು ಅಂತ ಗೊತ್ತಿಲ್ಲ.

ನರ್ಸಿಂಗ್ ಹೋಮಿನ ವಿಷಯ ಇನ್ನೂ ವಿಚಿತ್ರ. ಮೆಡಿಕೇರ್ ಇದ್ರೆ ಮುಪ್ಪಿಗೆಲ್ಲ ಆಯ್ತು ಅಂದ್ಕೊಂಡಿರ್ತಾರೆ, ಆದ್ರೆ ವರ್ಷಗಟ್ಲೆ ನರ್ಸಿಂಗ್ ಹೋಮಲ್ಲಿ ಇರೋ ಖರ್ಚನ್ನ ಮೆಡಿಕೇರ್ ಕೊಡಲ್ಲ. ಕೈಯಲ್ಲಿದ್ದ ದುಡ್ಡೆಲ್ಲ ಕರಗಿದ್ಮೇಲೆ ಕೊಡೋದು ಮೆಡಿಕೇಡ್, ಅಲ್ಲಿರೋ 10 ಜನರಲ್ಲಿ ಸುಮಾರು 6 ಜನಕ್ಕೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಕತ್ತರಿ ಆಡಿಸಿದ್ದು ಆ ಮೆಡಿಕೇಡ್‌ಗೇ. ಮೆಡಿಕೇರ್ ಮುಟ್ಟಲ್ಲ ಅನ್ನೋ ಮಾತು ಹೆಚ್ಚುಕಮ್ಮಿ ಉಳೀತು, ಅಜ್ಜಿ ಇರೋ ನರ್ಸಿಂಗ್ ಹೋಮಿಗೆ ಬರೋ ದುಡ್ಡಿನ ಮೇಲೆ ಒತ್ತಡ ಬಿತ್ತು.

ಹಳೇ ಮೆಡಿಕೇರಲ್ಲಿ ಆ ಪೂಜಾರಿ ಕಾಟ, ಅಂದ್ರೆ ಪ್ರಯರ್ ಆಥರೈಸೇಷನ್, ಹೆಚ್ಚುಕಮ್ಮಿ ಇರಲಿಲ್ಲ, ಈಗ ಅಲ್ಲೂ ಜನವರಿ 2026ರಿಂದ ನ್ಯೂಜೆರ್ಸಿ, ಟೆಕ್ಸಸ್, ಒಹಾಯೋ, ಓಕ್ಲಹೋಮಾ, ಆರಿಜೋನಾ, ವಾಷಿಂಗ್ಟನ್ ಈ 6 ರಾಜ್ಯದಲ್ಲಿ ಕೆಲವು ಚಿಕಿತ್ಸೆಗಳಿಗೆ ಮುಂಚೆನೇ ಅನುಮತಿ ಕೇಳೋ ಪ್ರಯೋಗ ಶುರುವಾಗಿದೆ, ಎಐ ಬಳಸೋ ಪ್ರೈವೇಟ್ ಕಂಪನಿಗಳ ಕೈಲಿ. ವಂಚನೆ ಮತ್ತೆ ಬೇಡದ ಚಿಕಿತ್ಸೆ ತಡೆಯೋಕೆ ಅಂತಾರೆ. ಅಂಥ ವಂಚನೆ ಇದೆ, ಅದು ಸುಳ್ಳಲ್ಲ. ದುಡ್ಡೂ ಕಮ್ಮಿ ಬೀಳುತ್ತೆ, ಪಾರ್ಟ್ ಎ ನಿಧಿ 2033ಕ್ಕೆ ಬರಿದಾಗುತ್ತೆ, ಆಮೇಲೆ ಬರೋ ಆದಾಯದಲ್ಲಿ ಬಿಲ್ಲಿನ 89 ಪರ್ಸೆಂಟ್ ಮಾತ್ರ ಕೊಡೋಕಾಗುತ್ತೆ ಅಂತ ಟ್ರಸ್ಟಿಗಳು 2025ರ ವರದಿಲಿ ಹೇಳಿದ್ದಾರೆ. ತೆರಿಗೆ ಏರಿಸ್ಬೇಕು, ಇಲ್ಲ ಆಸ್ಪತ್ರೆಗಳಿಗೆ ಕಮ್ಮಿ ಕೊಡ್ಬೇಕು, ಇಲ್ಲ ಅಡ್ವಾಂಟೇಜ್ ಕಂಪನಿಗಳ ಆ 8,400 ಕೋಟಿಗೆ ಕೈ ಹಾಕ್ಬೇಕು. ಮೊದಲೆರಡರ ಬಗ್ಗೆ ಚುನಾವಣೆಲಿ ಜಗಳ ಆಗುತ್ತೆ. ಮೂರನೇದಕ್ಕೆ ಕೈ ಹಾಕಿದ್ರೆ ನಿಮ್ಮ ಮೆಡಿಕೇರ್ ಕಡಿತ ಮಾಡ್ತಿದ್ದಾರೆ ಅಂತ ಕಂಪನಿಗಳೇ ಜಾಹೀರಾತು ಕೊಡ್ತಾವೆ, ಈಗ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಇರೋದ್ರಿಂದ ಅದನ್ನ ಸುಳ್ಳು ಅನ್ನೋಕೂ ಆಗಲ್ಲ.

ನಮ್ಮ ಕನ್ನಡದವರ ಅಪ್ಪ ಅಮ್ಮಂದಿರು ಇದರಲ್ಲಿ ಎಲ್ಲಿ ಬರ್ತಾರೆ ಅಂದ್ರೆ, ಗ್ರೀನ್‌ಕಾರ್ಡ್ ಸಿಕ್ಕಿ ಇಲ್ಲಿ ಸತತ 5 ವರ್ಷ ಇದ್ಮೇಲೆ ಮೆಡಿಕೇರ್ ಕೊಂಡ್ಕೊಳ್ಬಹುದು. ಅಲ್ಲಿ ತನಕ ಮಾರ್ಕೆಟ್‌ಪ್ಲೇಸ್, ಅಂದ್ರೆ ಒಬಾಮ ಕಾನೂನಿನ ಇನ್ಶೂರೆನ್ಸ್ ಸಂತೆಲಿ ಸಿಗೋ, ಪ್ಲಾನೇ ಗತಿ. ಸ್ವಂತ ಆದಾಯ ತೀರಾ ಕಮ್ಮಿ ಇರೋ, 5 ವರ್ಷ ಆಗಿಲ್ಲ ಅಂತ ಮೆಡಿಕೇಡೂ ಸಿಗದ ವಲಸಿಗರಿಗೆ ಅಲ್ಲಿ ಸಿಗ್ತಿದ್ದ ಸಬ್ಸಿಡಿನ 2025ರ ಕಾನೂನು ಜನವರಿ 2026ರಿಂದ ತೆಗೆದುಹಾಕ್ತು. ಅದರ ಬಗ್ಗೆ ಯಾವ ಟೌನ್‌ಹಾಲಲ್ಲೂ ಯಾರೂ ಕೂಗಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ, ಇವರಿಗೆ ಓಟಿಲ್ವಲ್ಲ.

ಅಮ್ಮನಿಗೆ 5 ವರ್ಷ ತುಂಬೋಕೆ ಇನ್ನು ಕೆಲವೇ ತಿಂಗಳಿದೆ. ಇಲ್ಲಿ ಕೆಲಸ ಮಾಡಿದವರಲ್ಲ, ಹಾಗಾಗಿ ಪಾರ್ಟ್ ಎಗೆ ತಿಂಗಳಿಗೆ 565, ಪಾರ್ಟ್ ಬಿಗೆ 202.90, ಒಟ್ಟು 767.90 ಡಾಲರ್, ಇದು 2026ರ ದರ. ಅದರ ಮೇಲೆ ಮೆಡಿಗ್ಯಾಪಾ ಇಲ್ಲ 0 ಡಾಲರ್ ಕಾಗದವಾ ಅಂತ ತೀರ್ಮಾನ ಮಾಡ್ಬೇಕು. ಪಾರ್ಟ್ ಬಿ ಶುರುವಾದ ದಿನದಿಂದ ಆ 6 ತಿಂಗಳ ಗಡಿಯಾರ ಓಡೋಕೆ ಶುರು, ಅಮ್ಮನಿಗೆ ಶುಗರ್ ಇದೆ, ನ್ಯೂಜೆರ್ಸಿ ಆ ನಾಲ್ಕು ರಾಜ್ಯದಲ್ಲಿಲ್ಲ. ಹಾಗಾಗಿ ನಾನು ಕ್ಯಾಲೆಂಡರಲ್ಲಿ ಡಿಸೆಂಬರ್ 7ಕ್ಕೆ ಹಾಕಿದ್ದ ಗುರುತು ಅಳಿಸಿ ಬೇರೆ ಎರಡು ತಾರೀಕಿಗೆ ಹಾಕಿದೀನಿ, ಅಮ್ಮ ಆ ಬಣ್ಣದ ಕಾಗದಗಳನ್ನ ಅಡುಗೆಮನೆ ಡ್ರಾಯರಿಗೆ ಹಾಸ್ತಿದ್ದಾರೆ.